ಕೆಳಕೋರ್ಟಿನಲ್ಲಿ ಹೇಳದ ಮಾತು

ಮುತ್ತಮ್ಮ ಗಂಡ ಜವರಯ್ಯನ ಪಾದಕ್ಕೆ ಬಿಸಿನೀರು ಹೊಯ್ದು ಬೆರಳ ಸಂದಿಗಳನ್ನು ಉಜ್ಜುತ್ತಿದ್ದಳು. ಮೂವತ್ತು ವರ್ಷ ಬಾಳೂರಿನ ಕಾಫಿ ತೋಟದಲ್ಲಿ ಮೇಸ್ತ್ರಿಯಾಗಿ ಗುಡ್ಡ ಹತ್ತಿಳಿದ ಕಾಲು. ಹಿಮ್ಮಡಿಯ ಬಿರುಕಿನ ಮಣ್ಣು ಬಿಡಲೊಲ್ಲದು.

“ಸಾಕು ಬಿಡಿ ಅತ್ತಿಗೆ, ಹೊತ್ತಾಗ್ತದೆ,” ಎಂದಳು ನಾದಿನಿ ಅಣ್ಣಮ್ಮ.

“ಇರೇ. ಬದುಕಿದ್ದಾಗ ಒಂದು ದಿನ ತೊಳೆಸ್ಕೊಂಡವ್ರಲ್ಲ.”

ಅಷ್ಟರಲ್ಲಿ ಕಳಸದಿಂದ ನಡೆದೇ ಬಂದ ಲಿಂಗಪ್ಪ ಅಂಗಳಕ್ಕೆ ಕಾಲಿಟ್ಟರು. ಹಿಂದೆ ಇದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಹೆಣದ ಪಕ್ಕ ಕುಸಿದು ಕುಳಿತು, “ಮುತ್ತಕ್ಕ, ಜವರಯ್ಯನ ಕೇಸು ಸೋತಿದ್ದು ನನ್ನಿಂದ,” ಎಂದರು.

*

ನಾಲ್ಕು ವರ್ಷದ ಹಿಂದೆ ಜವರಯ್ಯ ಮಲೇರಿಯಾ ಹಿಡಿದು ಮೂರು ತಿಂಗಳು ಮಲಗಿದ. ತೋಟದ ದೊರೆ ಆ ಮೂರು ತಿಂಗಳ ಸಂಬಳವನ್ನೂ ಕೊಡಲಿಲ್ಲ, ಎದ್ದು ಬಂದವನನ್ನು ಕೆಲಸಕ್ಕೂ ಸೇರಿಸಲಿಲ್ಲ. ಕೆಳಕೋರ್ಟಿನಲ್ಲಿ ಜವರಯ್ಯ ತನ್ನ ಹಳೇ ದುಡಿಮೆಯನ್ನಷ್ಟೇ ಹೇಳಿಕೊಂಡ, ಕೇಸು ಬಿತ್ತು. ಮೇಲಿನ ಕೋರ್ಟಿನಲ್ಲಿ ವಕೀಲ ವಿಷ್ಣುಮೂರ್ತಿಗಳು ಹೊಸ ವಾದ ಎತ್ತಿದರು: ಕಾಯಿಲೆ ಬಿದ್ದರೂ ಸಂಬಳ ನಿಲ್ಲದೆಂದು ದೊರೆ ಬಾಯಿಮಾತಿನ ಕರಾರು ಮಾಡಿದ್ದರು, ಆಗ ಎದುರಿಗಿದ್ದವರು ರೈಟರ್ ಲಿಂಗಪ್ಪ ಒಬ್ಬರೇ.

“ಇದನ್ನು ಕೆಳಗೇ ಏಕೆ ಹೇಳಲಿಲ್ಲ?” ಎಂದರು ಜಡ್ಜಿ.

“ನೆನಪಾಗ್ಲಿಲ್ಲ ಸ್ವಾಮಿ,” ಎಂದ ಜವರಯ್ಯ.

“ಅಲ್ಲೇ ಹೇಳಿದ್ದರೆ ಸಾಕ್ಷಿ ಕರೆಸಿ ವಿಚಾರಿಸುತ್ತಿದ್ದರು. ಅಲ್ಲಿ ಎತ್ತದ ಕರಾರನ್ನು ಇಲ್ಲಿ ಹೊಸದಾಗಿ ಎತ್ತುವಂತಿಲ್ಲ.”

ಮನೆಗೆ ಮರಳುವ ದಾರಿಯುದ್ದಕ್ಕೂ ಮುತ್ತಮ್ಮ ಬೈದಳು. “ಇನ್ನೂರು ಆಳಿನ ಹೆಸರು ನಾಲಿಗೆ ತುದೀಲಿ ಇಟ್ಕೊಂಡವ್ರಿಗೆ ಇದೊಂದು ನೆನಪಾಗ್ಲಿಲ್ವಾ?”

ಜವರಯ್ಯ ನಕ್ಕ. ಮರುವಾರದಿಂದ ಬೇರೆ ತೋಟದಲ್ಲಿ ಗುದ್ದಲಿ ಹಿಡಿದ.

*

“ಅದು ಮರೆವಲ್ಲ ಮುತ್ತಕ್ಕ,” ಎಂದರು ಲಿಂಗಪ್ಪ. “ಕೆಳಕೋರ್ಟಿಗೇ ಸಾಕ್ಷಿ ಬರ್ತೀನಿ ಅಂದಿದ್ದೆ. ‘ಮಾರನೇ ದಿನ ನಿಮ್ಮನ್ನೂ ಓಡಿಸ್ತಾರೆ. ನಿಮಗೆ ಐದು ಮಕ್ಕಳಿದಾವೆ, ಸುಮ್ನಿರಿ ಮಾರಾಯ್ರೇ’ ಅಂದ ಜವರಯ್ಯ. ನಂಗೆ ಕಳಸದಲ್ಲಿ ಕೆಲಸ ಸಿಕ್ಕಿದ ಮೇಲೇ ವಕೀಲರ ಹತ್ರ ಬಾಯಿ ಬಿಟ್ಟಿದ್ದು. ನಿಮಗೆ ಹೇಳಿದ್ರೆ ನನ್ನ ಮೇಲೆ ಬೇಜಾರಾಗ್ತೀರಿ ಅಂತ ಆಣೆ ಹಾಕ್ಸಿದ್ದ.”

ಮುತ್ತಮ್ಮನ ಕೈ ಗಂಡನ ಪಾದದ ಮೇಲೆ ನಿಂತುಬಿಟ್ಟಿತು.

“ನಾಲ್ಕು ವರ್ಷ ಬೈಸ್ಕೊಂಡ್ರಲ್ಲ,” ಎಂದಳು, ಅವನಿಗಷ್ಟೇ ಕೇಳುವಂತೆ.

ಚಟ್ಟ ಎತ್ತುವಾಗ ಲಿಂಗಪ್ಪ ಮುಂದೆ ಬಂದರು. ಊರ ಹಿರಿಯ ಗುರುವಯ್ಯ ತಡೆದ. “ನಮ್ಮ ಜಾತಿಯವ್ರಲ್ಲ ನೀವು. ಹೆಗಲು ಕೊಡೋ ಹಂಗಿಲ್ಲ.”

“ಕೊಡ್ಲಿ ಗುರುವಣ್ಣ. ಮುಂದೇನೇ ಕೊಡ್ಲಿ,” ಎಂದಳು ಮುತ್ತಮ್ಮ. ಅವಳ ಮುಖ ನೋಡಿ ಗುರುವಯ್ಯ ದಾರಿ ಬಿಟ್ಟ.

ಲಿಂಗಪ್ಪ ಕುಳ್ಳಗಿನವರು. ಉಳಿದ ಮೂವರು ಎತ್ತರದವರು. ನಾಲ್ಕು ಹೆಜ್ಜೆಗೇ ಚಟ್ಟ ಒಂದು ಕಡೆ ವಾಲಿತು. ಲಿಂಗಪ್ಪ ನಿಂತು, ತಮ್ಮ ಒಂದೇ ಕರಿ ಕೋಟನ್ನು ಬಿಚ್ಚಿ, ದಪ್ಪಗೆ ಮಡಿಸಿ ಹೆಗಲ ಮೇಲಿಟ್ಟುಕೊಂಡರು. ಚಟ್ಟ ಸಮವಾಯಿತು. ಜವರಯ್ಯ ಅಲುಗದೆ ಗುಡ್ಡ ಹತ್ತಿದ.