ಲಟಕ್ ಎಂದ ಮಣಿಕಟ್ಟು

ಭೀಮನಬೀಡಿನಲ್ಲಿ ಯಾರ ಕೈಕಾಲು ಉಳುಕಿದರೂ ನನ್ನ ಜಗಲಿಗೇ ಬರಬೇಕು. ನಾನು ಚಿಕ್ಕನಿಂಗಮ್ಮ, ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕೈಗೆ ಸಿಕ್ಕಿದ ಉಳುಕು ನಿಲ್ಲುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಹೊತ್ತು ಹುಟ್ಟುವ ಮುಂಚೆ ಮೂಡಲಿಗೆ ಮುಖ ಮಾಡಿ ಕೂರಿಸಿ, ಹರಳೆಣ್ಣೆ ಹಚ್ಚಿ ನೀವಿ, ಒಂದೇ ಸಲ ಎಳೆಯುತ್ತೇನೆ. ಲಟಕ್ ಎಂದು ಸದ್ದು ಬಂದರೆ ಉಳುಕು ಹೋಯಿತೆಂದೇ ಲೆಕ್ಕ. ಕಾಸು ಮುಟ್ಟುವ ಹಾಗಿಲ್ಲ, ಎಲೆ ಅಡಿಕೆ ಸಾಕು.

ಗಂಡ ಸತ್ತು ಹದಿನಾಲ್ಕು ವರ್ಷ. ಮಕ್ಕಳಿಲ್ಲ. ಕುಶಲ ಕೇಳಲೆಂದು ನನ್ನ ಮನೆಗೆ ಯಾರೂ ಬರುವುದಿಲ್ಲ. ನನ್ನ ಬಾಯಿ ಸ್ವಲ್ಪ ಜೋರು, ಅದಕ್ಕೇ ಇರಬೇಕು. ಮೈ ನೊಂದವರು ಮಾತ್ರ ಬರುತ್ತಾರೆ, ಎಲೆ ಅಡಿಕೆ ಹಾಕಿಕೊಂಡು ನಾಲ್ಕು ಮಾತಾಡಿ ಹೋಗುತ್ತಾರೆ. ಊರಲ್ಲಿ ಯಾರೂ ಬೀಳದ ವಾರ ನನಗೆ ಬಲು ಉದ್ದ. ಪಾಪದ ಮಾತು, ಆದರೂ ನಿಜ.

ಕಳೆದ ಆಷಾಢದಲ್ಲಿ ಚೆಂಡುಹೂವಿನ ಹೊಲದಲ್ಲಿ ಗುರುಸಿದ್ದಮ್ಮ ಜಾರಿ ಬಿದ್ದಳು. ಹತ್ತು ವರ್ಷದಿಂದ ನಾವಿಬ್ಬರೂ ಕೂಲಿಗೆ ಅಕ್ಕಪಕ್ಕದ ಸಾಲಿನಲ್ಲಿ ಹೂ ಬಿಡಿಸುವವರು. ಅಂಗೈ ಊರಿ ಬಿದ್ದಿದ್ದರಿಂದ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಮಾರನೆಯ ಬೆಳಿಗ್ಗೆ ಎಳೆದೆ. ಲಟಕ್ ಎಂದಿತು. ನನಗೆ ಹೆಮ್ಮೆ. ವಾರ ಬಿಟ್ಟು ಮತ್ತೆ ಬಂದಳು, ಮತ್ತೆ ಎಳೆದೆ, ಮತ್ತೆ ಲಟಕ್. ದೀಪಾವಳಿವರೆಗೂ ಇದೇ ನಡೆಯಿತು. ಬಂದಾಗಲೆಲ್ಲ ಅವಳು ಬಹಳ ಹೊತ್ತು ಕೂತು ಹೋಗುತ್ತಿದ್ದಳು. ಕೊನೆಗೆ ಊಟದ ತಟ್ಟೆ ಎತ್ತಲೂ ಆಗದಂತಾದಾಗ ಮಗ ಪ್ರದೀಪ ಗುಂಡ್ಲುಪೇಟೆಗೆ ಕರೆದುಕೊಂಡು ಹೋದ. ಅಲ್ಲಿಂದ ಚಾಮರಾಜನಗರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್ ಮಾಡಿ, ಆಪರೇಷನ್ ಆಗಬೇಕು ಎಂದರು. ಮಗ ಸೊಸೆ ಇಬ್ಬರಿಗೂ ರಜೆ ಇಲ್ಲ. ಜೊತೆಗೆ ನಾನು ಉಳಿದೆ.

ಆಪರೇಷನ್ ಆದ ಮಾರನೆಯ ದಿನ ಡಾಕ್ಟರ್ ಸುಧಾಕರ್ ವಾರ್ಡಿಗೆ ಬಂದರು. ಮಣಿಕಟ್ಟನ್ನು ಉದ್ದಕ್ಕೆ ಕೊಯ್ದಿರಲಿಲ್ಲ. ಮೂರು ಸಣ್ಣ ತೂತು ಮಾಡಿ, ಕಡ್ಡಿಯಂಥ ಕ್ಯಾಮೆರಾ ಒಳಗೆ ಬಿಟ್ಟು, ಟಿವಿಯಲ್ಲಿ ನೋಡಿಕೊಂಡೇ ಹೊಲಿದಿದ್ದರಂತೆ. ಅದರ ಫೋಟೊ ತೋರಿಸಿದರು. ಎರಡು ಮೂಳೆಗಳ ನಡುವೆ ಹಿಂಜಿಹೋದ ಬಾಳೆನಾರಿನಂಥದ್ದೇನೋ ಇತ್ತು.

“ಇದು ಎರಡೂ ಮೂಳೇನ ಹಿಡಿದಿಡೋ ಲಿಗಮೆಂಟು. ಬಿದ್ದಾಗ ಸ್ವಲ್ಪ ಹರಿದಿರಬೇಕು. ಆಗಲೇ ಬಂದಿದ್ರೆ ಬರೀ ಪಟ್ಟಿ ಹಾಕಿ ವಾಸಿ ಮಾಡಬಹುದಿತ್ತೋ ಏನೋ. ಯಾರಾದ್ರೂ ಎಳೆದ್ರಾ? ಲಟಕ್ ಅಂತ ಸದ್ದು ಬರ್ತಿತ್ತಾ? ಅದು ಮೂಳೆ ಜರುಗೋ ಸದ್ದಮ್ಮ. ಎಳೆದಷ್ಟೂ ಹರಿಯುತ್ತೆ.”

ನಾನು ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡೆ.

“ಯಾರೂ ಎಳ್ದಿಲ್ಲ ಸ್ವಾಮಿ. ನಾನೇ ಅಸಡ್ಡೆ ಮಾಡ್ಬುಟ್ಟೆ,” ಎಂದಳು ಗುರುಸಿದ್ದಮ್ಮ. ನನ್ನ ಕಡೆ ತಿರುಗಿ ನೋಡಲಿಲ್ಲ. ಅವಳು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಊರಿಗೆ ಬಂದ ಮೇಲೆ ಅವಳು ನನ್ನ ಜಗಲಿ ಹತ್ತಲಿಲ್ಲ. ನಾನೂ ಹೋಗಲಿಲ್ಲ; ಯಾವ ಮುಖ ಹೊತ್ತುಕೊಂಡು ಹೋಗಲಿ? ಊರಿಗೆ ವಿಷಯ ಗೊತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಬೀದಿಯ ಹುಡುಗಿ ಭವ್ಯ ಸ್ಕೂಟರಿನಿಂದ ಬಿದ್ದು, ಊದಿದ ಮಣಿಕಟ್ಟು ಹಿಡಿದುಕೊಂಡು ಬಂದಳು. ಎಳೆದರೆ ಪಾಪ. ಎಳೆಯದಿದ್ದರೆ ಯಾಕೆಂದು ಹೇಳಬೇಕು. ಹೇಳಿದರೆ ನಾಳೆಯಿಂದ ನನ್ನ ಬಾಗಿಲಿಗೆ ನಾಯಿಯೂ ಬರುವುದಿಲ್ಲ. ಎಣ್ಣೆ ಬಟ್ಟಲು ಆಗಲೇ ನನ್ನ ಕೈಯಲ್ಲಿತ್ತು.

“ಆಸ್ಪತ್ರೆಗೆ ಓಗು ಕಣಮ್ಮಿ,” ಎಂದೆ. “ಗುರುಸಿದ್ದಮ್ಮನ ಕೈಯ ಎಳ್ದು ಎಳ್ದು ಕೆಡಿಸ್ದೋಳು ನಾನೇ.”

ಸಂಜೆಯೊಳಗೆ ಊರೆಲ್ಲ ಹಬ್ಬಿತು. ಊರ ಬಾಯಿಗೆ ಬೀಗವುಂಟೇ? ಮೂರು ವಾರ ಯಾರೂ ಬರಲಿಲ್ಲ. ನಾನು ಒಬ್ಬಂಟಿ ಎಂಬುದು ಆಗ ಪೂರ್ತಿ ತಿಳಿಯಿತು. ಮಾತಿಗೆ ಜನ ಸಿಗದೆ ಒಲೆಯನ್ನೇ ಬೈಯತೊಡಗಿದೆ.

ನಾಲ್ಕನೆಯ ವಾರ ಗುರುಸಿದ್ದಮ್ಮ ಬಂದಳು. ಕೂರು ಎಂದರೂ ಕೂರಲಿಲ್ಲ.

“ನಾನೇ ಬಾಯ್ ಮುಚ್ಕಂಡಿದ್ರೆ, ನೀನ್ಯಾಕಕ್ಕ ಊರ್ಗೆಲ್ಲ ಯೋಳ್ದೆ?”

“ನಿನ್ ಕೈ ಕೆಟ್ಟಿದ್ದು ನನ್ನಿಂದ ಅಲ್ವಾ?”

“ಎಲ್ಡನೇ ಸಲ ಎಳ್ದಾಗ್ಲೇ ನಂಗೊತ್ತಾಗಿತ್ತು, ನೋವು ಜಾಸ್ತಿ ಆಯ್ತಾದೆ ಅಂತ.”

“ಮತ್ಯಾಕೆ ಬತ್ತಿದ್ದೆ?”

ಅವಳು ಬಲಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. “ಮನೆ ತುಂಬ ಜನ ಅವ್ರೆ. ನನ್ ಕೈಯ ಇಡ್ಕಂಡು ಒಂದ್ ಗಳಿಗೆ ಕೂತ್ಕಳೋರು ಯಾರವ್ರಕ್ಕ? ವಾರವೆಲ್ಲ ಅದ್ನೇ ಕಾಯ್ತಿದ್ದೆ. ಈಗ ಡಾಕ್ಟ್ರು ಕೈ ಹೊಲ್ದವ್ರೆ, ನೀನೂ ಎಳಿಯಾಕಿಲ್ಲ ಅಂದ್ಬುಟ್ಟೆ. ಇನ್ನೇನ್ ನೆಪ ಯೋಳ್ಕಂಡ್ ಬರ್ಲಿ?”

ಮೆಟ್ಟಿಲಿಳಿದು ಹೊರಟಳು. ನೆಪ ಯಾಕೆ ಬೇಕು, ಬಾ ಎನ್ನಬೇಕಿತ್ತು. ಅವಳು ಬೀದಿಯ ತಿರುವು ದಾಟುವವರೆಗೂ ನನಗೆ ಬಾಯಿ ಬರಲಿಲ್ಲ.