ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ

ಗೌರಿ ಎಣಿಕೆಯಲ್ಲಿ ತಪ್ಪುವವಳಲ್ಲ. ಧಾರವಾಡದ ಕಾಲೇಜೊಂದರ ಲೈಬ್ರರಿಯಲ್ಲಿ ವರ್ಷಗಟ್ಟಲೆ ದುಡಿದು ಬಂದವಳು. ಈಗ ಲೀಡ್ಸ್‌ನಲ್ಲಿ ಗ್ರಂಥಾಲಯ ವಿಜ್ಞಾನದ ಎಂ.ಎಸ್ಸಿ.ಗೆಂದು ರಸಾಯನಶಾಸ್ತ್ರದ ಒಂದು ಪತ್ರಿಕೆಯ ಹತ್ತು ವರ್ಷದ ಸಂಚಿಕೆಗಳನ್ನು ಹರವಿಕೊಂಡು ಕೂತಿದ್ದಳು. ಒಬ್ಬರೇ ಬರೆದ ಪ್ರಬಂಧಗಳೆಷ್ಟು, ಇಬ್ಬರು ಮೂವರು ಕೂಡಿ ಬರೆದವೆಷ್ಟು, ಯಾವ ಪ್ರಬಂಧವನ್ನು ಆಮೇಲಿನವರು ಎಷ್ಟು ಸಲ ಉಲ್ಲೇಖಿಸಿದರು ಎಂದು ಲೆಕ್ಕ ಹಾಕಿ ಆ ಪತ್ರಿಕೆಯ ತೂಕ ಹೇಳಬೇಕು. ಒಳಗೆ ಏನು ಬರೆದಿದೆ ಎಂದು ಓದುವ ಗೋಜಿಗೆ ಅವಳು ಹೋಗಿರಲಿಲ್ಲ. ಓದಿದರೂ ತಲೆಗೆ ಹತ್ತುವಂಥದ್ದಲ್ಲ.

ಆ ಪತ್ರಿಕೆಯನ್ನು ಸೂಚಿಸಿದವನು ಗಂಡ ನಾಗಭೂಷಣ. ಇಲ್ಲಿನ ಪ್ರಯೋಗಾಲಯದಲ್ಲಿ ಎರಡು ವರ್ಷದ ಕರಾರಿನ ಮೇಲೆ ಕೆಲಸ ಮಾಡುತ್ತಿದ್ದ. ಧಾರವಾಡದಲ್ಲಿದ್ದಾಗ ತನ್ನ ಗೈಡ್ ಇಂದುಶೇಖರ ಸರ್ ಜೊತೆ, ಒಂದು ರಾಸಾಯನಿಕವನ್ನು ತಯಾರಿಸುವ ಬಗೆಯ ಮೇಲೆ ಬರೆದ ಒಂದು ಪ್ರಬಂಧ ಅದರಲ್ಲಿ ಅಚ್ಚಾಗಿತ್ತು. ಗೈಡ್ ಹೆಸರು ಮೊದಲು, ಅವನದು ಆಮೇಲೆ. ಎಲ್ಲರೂ ಹಾಗೆಯೇ ಹಾಕುತ್ತಿದ್ದ ಕಾಲ ಅದು.

ಪಟ್ಟಿ ಮುಗಿದಾಗ ಆ ಪ್ರಬಂಧವೇ ಎಲ್ಲಕ್ಕಿಂತ ಮೇಲೆ ಬಂತು. ಅರವತ್ಮೂರು ಉಲ್ಲೇಖ. ಗೌರಿ ಮೂರು ಸಲ ಎಣಿಸಿ ನೋಡಿದಳು.

"ನಿಮ್ಮದ ಮೊದಲನೇದ ಐತ್ರಿ," ಎಂದಳು.

"ಸರಿಯಾಗಿ ನೋಡಿದಿ ಇಲ್ಲೋ?"

"ನನ್ನ ಲೆಕ್ಕಾನ ಕೇಳ್ತೀರಿ?"

ಅವತ್ತು ಸಿಹಿಗೆಂದು ಶಿರಾ ಮಾಡಿದಳು. ಕರಾರು ಸೆಪ್ಟೆಂಬರಿಗೆ ಮುಗಿಯುವುದಿತ್ತು. ಆಮೇಲೆ ವೀಸಾವೂ ಇಲ್ಲ, ಊರಿಗೆ ಹೋದರೆ ಅಲ್ಲಿ ಕೆಲಸವೂ ಇಲ್ಲ. ಅವನು ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರ ವಿಭಾಗದಲ್ಲಿ ಒಂದೇ ಒಂದು ಕಾಯಂ ಲೆಕ್ಚರರ್ ಹುದ್ದೆ ತೆರೆದಿತ್ತು. ನಾಗಭೂಷಣ ಅರ್ಜಿಯಲ್ಲಿ 'ದಶಕದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧದ ಲೇಖಕ' ಎಂಬ ಸಾಲು ಸೇರಿಸಿ ಕಳಿಸಿದ. ಸಂದರ್ಶನಕ್ಕೆ ಕರೆ ಬಂತು.

ಇಷ್ಟಾದ ಮೇಲೆ ಗೌರಿಯ ಮಾರ್ಗದರ್ಶಕಿ ಹಿಲರಿ ಪಟ್ಟಿಯನ್ನು ನೋಡಿ, ಕನ್ನಡಕ ತೆಗೆದು, ಮೆತ್ತಗೆ ಕೇಳಿದಳು: "ಎಷ್ಟು ಸಲ ಅಂತ ಎಣಿಸಿದ್ದೀಯ. ಯಾಕೆ ಉಲ್ಲೇಖಿಸಿದರು ಅಂತ ನೋಡಿದೆಯಾ?"

ಗೌರಿ ನೋಡಿರಲಿಲ್ಲ. ಮರುದಿನ ಮಗಳು ಹಂಸಾಳನ್ನು ಶಾಲೆಗೆ ಬಿಟ್ಟು ಲೈಬ್ರರಿಗೆ ಹೋಗಿ, ಮೊದಲ ಸ್ಥಾನದ ಪ್ರಬಂಧವನ್ನು ಹೆಸರಿಸಿದ ಹನ್ನೆರಡು ಲೇಖನ ಹುಡುಕಿ, ಅದನ್ನು ಉಲ್ಲೇಖಿಸಿದ ಒಂದೊಂದೇ ಸಾಲನ್ನು ಓದಿದಳು. ಓದಿದಂತೆಲ್ಲ ಗೊಂದಲ ಹೆಚ್ಚಿತು. ಒಬ್ಬರೂ ಕೆಟ್ಟ ಮಾತು ಬರೆದಿರಲಿಲ್ಲ. 'ಕುತೂಹಲಕಾರಿ ವರದಿ' ಎಂದಿದ್ದರು ಇಬ್ಬರು. ಒಬ್ಬ ಜಪಾನಿನವನು 'ನಮ್ಮ ಕೈಯಲ್ಲಿ ಇದು ಲೇಶಮಾತ್ರ ಸಿಕ್ಕಿತು' ಎಂದಿದ್ದ. ಇನ್ನೊಬ್ಬರು 'ನಮ್ಮ ಕೈಯಲ್ಲಿ ಬರಲಿಲ್ಲ' ಎಂದಿದ್ದರು. ಗೌರಿಗೆ ಅದು ವಿನಯ ಅನ್ನಿಸಿತು. ಊರಲ್ಲಿ ಅವರಿವರ ಕೈಗುಣ ಹೊಗಳಿ, ನಮಗೆಲ್ಲಿ ಬರಬೇಕು ಅನ್ನುವುದಿಲ್ಲವೇ, ಹಾಗೆ. ಆದರೆ ಒಂಬತ್ತು ಮಂದಿ ಒಂದೇ ಥರ ವಿನಯ ತೋರಿಸುತ್ತಾರೆಯೇ?

ಕೇಳೋಣವೆಂದರೆ ರಸಾಯನಶಾಸ್ತ್ರ ಬಲ್ಲವನು ಮನೆಯಲ್ಲಿ ಒಬ್ಬನೇ. ಭಾನುವಾರ ಅವನು ಹಂಸಾಳ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಗ, ಯಾರ ಪ್ರಬಂಧ ಎಂದು ಹೇಳದೆ, ಆ ಸಾಲುಗಳನ್ನು ಓದಿದಳು.

ನಾಗಭೂಷಣ ನಕ್ಕುಬಿಟ್ಟ. "ಪಾಪ, ಮರ್ಯಾದಿಲೆ ಬೈದಾರ."

"ಬೈಗಳ ಎಲ್ಲಿ ಐತ್ರಿ ಇದರಾಗ?"

"ಹುಚ್ಚಿ, 'ನಮ್ಮ ಕೈಯಾಗ ಬರಲಿಲ್ಲ' ಅಂದ್ರ, ನೀ ಬರದದ್ದು ಸುಳ್ಳು ಅಂತ. 'ಕುತೂಹಲಕಾರಿ' ಅಂದ್ರ, ಇದನ್ನ ನಂಬಬ್ಯಾಡ್ರಿ ಅಂತ. ಎಷ್ಟು ಮಂದಿ ಹಂಗ ಬರದಾರ?"

"ಹನ್ನೆರಡರಾಗ ಒಂಬತ್ತು."

"ಮುಗೀತು ಅಂವನ ಕಥಿ." ಕಾಲರ್ ತಿರುವಿ ಹಾಕಿದ. "ಯಾವನಂವ?"

ಗೌರಿ ಸಿಂಕಿನ ಕಡೆ ತಿರುಗಿ, ಆಗಲೇ ತೊಳೆದಿದ್ದ ಪಾತ್ರೆಯನ್ನು ಮತ್ತೆ ತೊಳೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಬಟ್ಟೆ ಕಮರುವ ವಾಸನೆ ಬಂತು.

"Daddy, my shirt," ಎಂದಳು ಹಂಸಾ.

ಅವನು ಇಸ್ತ್ರಿಪೆಟ್ಟಿಗೆ ಎತ್ತಿಟ್ಟ. ಆಮೇಲೆ ಮಾತುಗಳು ಒಂದರ ಮೇಲೊಂದು ಬಂದವು. ಮೊದಲು, "ಹೆಸರು ಗೈಡಂದು ಮೊದಲ ಐತಿ." ಬೆನ್ನಿಗೇ, "ಕೆಲಸ ನಾನ ಮಾಡೀನಿ. ಕಣ್ಣಾರೆ ನೋಡೀನಿ, ಬಿಳೀ ಹರಳು, ಫ್ಲಾಸ್ಕ್ ತುಂಬ." ಮತ್ತೆ, "ಮೊದಲ ಯಾಕ ಹೇಳಲಿಲ್ಲ ನೀ?"

"ನನಗೇನ ಗೊತ್ರಿ? ನಾ ಹೊಗಳ್ಯಾರ ಅಂತ ತಿಳ್ಕೊಂಡಿದ್ನಿ."

ಅರ್ಜಿ ಹೋಗಿಯಾಗಿತ್ತು. ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಸಂದರ್ಶನಕ್ಕೆ ಉಳಿದದ್ದು ಐದೇ ದಿನ. ಸುಟ್ಟ ಅಂಗಿಯ ಬದಲಿಗೆ ಇನ್ನೊಂದು ತರಲು ಅವನು ನೀರು ಕಾಯಿಸುವ ಬಾಯ್ಲರ್ ಇರುವ ಬೆಚ್ಚನೆಯ ಗೂಡಿನ ಬಾಗಿಲು ತೆರೆದ. ಅಂಗಿಗಳ ಪಕ್ಕದಲ್ಲಿ ಟವೆಲು ಸುತ್ತಿದ ದೋಸೆ ಹಿಟ್ಟಿನ ಪಾತ್ರೆ ಇತ್ತು. ಜೂನಿನಲ್ಲೂ ಈ ಊರಲ್ಲಿ ಹಿಟ್ಟು ಹುಳಿ ಬರಬೇಕಾದರೆ ಅಲ್ಲಿಯೇ ಇಡಬೇಕು. ನಾಗಭೂಷಣ ಬಾಗಿಲು ಹಿಡಿದುಕೊಂಡು ನಿಂತೇಬಿಟ್ಟ.

"ಏನ್ರಿ?"

"ಏಪ್ರಿಲ್‌ನ್ಯಾಗ ಮಾಡಿದ್ದೆ ಅದನ್ನ. ಕರೆಂಟ ಇರ್ತಿದ್ದಿಲ್ಲ. ಫ್ಲಾಸ್ಕ್ ಕಿಟಕೀ ಕಟ್ಟಿ ಮ್ಯಾಲ ಇಟ್ಟು ಹೋಗ್ತಿದ್ದೆ. ಕಾಸಿರಲಿಲ್ಲಲ್ಲ, 'ಕೋಣೆಯ ಉಷ್ಣತೆಯಲ್ಲಿ' ಅಂತ ಬರದೆ." ಅವನ ದನಿ ಇಳಿಯಿತು. "ನಮ್ಮ ಖೋಲಿ ಆಗ ಮೂವತ್ತೆಂಟು ಡಿಗ್ರಿ. ಇವರ ಖೋಲಿ ಹದಿನೆಂಟು."

"ಹಂಗಂದ್ರ ನೀವು ಬರದದ್ದು ಖರೇ ಹೌದಲ್ರಿ?"

"ಖರೇನೂ ಹೌದು. ಅವರಿಗೆ ಬರಲಿಲ್ಲ ಅನ್ನೋದೂ ಖರೇ."

ಗೌರಿಗೆ ಸಮಾಧಾನವಾಯಿತು, ಆದರೆ ಪೂರ್ತಿ ಆಗಲಿಲ್ಲ. ಬೆಂದದ್ದು ಬೇಯದ್ದು ನೋಡಿ ಉರಿ ಹೆಚ್ಚಿಸುವುದು ಅವಳಿಗೆ ಗೊತ್ತು. ಅಷ್ಟು ದೊಡ್ಡ ದೊಡ್ಡ ಪ್ರಯೋಗಾಲಯದವರಿಗೆ ಅದು ಹೊಳೆಯಲಿಲ್ಲವೇ, ಅಥವಾ ಧಾರವಾಡದಿಂದ ಬಂದ ಪ್ರಬಂಧಕ್ಕೆ ಅಷ್ಟೇ ತಾಳ್ಮೆ ಸಾಕೆಂದುಕೊಂಡರೇ? ಯಾರನ್ನು ಕೇಳುವುದು?

ಸೋಮವಾರ ನಾಗಭೂಷಣ ಪ್ರಯೋಗಾಲಯದಲ್ಲಿ ಕಾಸಿದ ಎಣ್ಣೆಯ ತೊಟ್ಟಿಯಲ್ಲಿ ಫ್ಲಾಸ್ಕ್ ಇಳಿಬಿಟ್ಟು ಮೂವತ್ತೆಂಟು ಡಿಗ್ರಿಗೆ ನಿಲ್ಲಿಸಿದ. ಬುಧವಾರ ಮನೆಗೆ ಬಂದವನ ಮುಖ ನೋಡಿ ಬಂತೋ ಇಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ.

"ಬಂತು. ಅವರಿಗೆ ಬಂದಿದ್ದಕ್ಕಿಂತ ಭಾಳ. ನಾ ಬರದದ್ದರ ಅರ್ಧ."

"ಇನ್ನರ್ಧ?"

"ಗೊತ್ತಾಗವಲ್ದು. ನೀರಿರಬೇಕು, ಧೂಳಿರಬೇಕು, ಇಂದುಶೇಖರ ಸರ್ ಸೇದೋ ಬೀಡೀ ಹೊಗಿ ಇರಬೇಕು."

"ಚೇಷ್ಟಿ ಮಾಡಬ್ಯಾಡ್ರಿ. ಸಂದರ್ಶನದಾಗ ಏನಂತೀರಿ?"

"ಏನೂ ಅನ್ನಂಗಿಲ್ಲ. ಅರವತ್ಮೂರು ಅಂತೀನಿ, ಸುಮ್ಮನಿರ್ತೀನಿ. ಯಾರ ಓದ್ತಾರ ಅದನ್ನೆಲ್ಲಾ?"

"ನಾ ಓದೀನಿ," ಎಂದಳು ಗೌರಿ. "ನನ್ನ ವರದಿಯೊಳಗ ಅದನ್ನ ಬರೀಲೇಬೇಕು. ಹಿಲರಿ ಕೇಳ್ಯಾಳ. ಆ ವರದಿ ನಿಮ್ಮ ವಿಭಾಗದ ಲೈಬ್ರರಿಯೊಳಗ ಇಡ್ತಾರಂತ."

ಊಟ ಮುಗಿಸಿ ಅವನು ಹಳೆಯ ಪ್ರಬಂಧ ತೆಗೆದು ಓದುತ್ತ ಕೂತ. ಅವಳು ಎರಡನೇ ಸಲ ಹೇಳಲಿಲ್ಲ.

ಶುಕ್ರವಾರ ಸಂದರ್ಶನ ಮುಗಿಸಿ, ಗೌರಿ ಕಾಯುತ್ತಿದ್ದ ಶಾಲೆಯ ಗೇಟಿಗೆ ಅವನೇ ನೇರವಾಗಿ ಬಂದ, ಟೈ ಜೇಬಿನಲ್ಲಿ ತುರುಕಿಕೊಂಡು. ಹಂಸಾ ಓಡಿಬಂದು ಚೀಲವನ್ನು ಅವನ ಕೈಗೆ ಕೊಟ್ಟು ಮುಂದೆ ನಡೆದಳು.

"ಹೇಳಿದ್ನಿ," ಎಂದ.

"ಎಲ್ಲಾ?"

"ಎಲ್ಲಾ. ಅವರು ಕೇಳೋಕಿಂತ ಮೊದಲ. ಅಲ್ಲಿ ಒಬ್ಬ ಮುದುಕ ಕೂತಿದ್ದ, ಮ್ಯಾಂಚೆಸ್ಟರ್‌ನಿಂದ ಕರಸಿದ್ರು ಅಂವನ್ನ. ಅವನೂ ಮಾಡಿ ನೋಡಿದ್ನಂತ, ಬರಲಿಲ್ಲಂತ. ಒಬ್ಬ ವಿದ್ಯಾರ್ಥೀದು ಒಂದು ವರ್ಷ ಹಾಳಾತಂತ."

ಗೌರಿಯ ನಡಿಗೆ ನಿಂತಿತು. "ಬೈದ್ನೇನ್ರಿ?"

"ಭಾರಿ ಕುತೂಹಲಕಾರಿ ಅಂದ."

ಅವಳು ಅವನ ಜೇಬಿನಿಂದ ಇಣುಕುತ್ತಿದ್ದ ಟೈಯನ್ನು ಒಳಗೆ ತುರುಕಿದಳು.

"ಹುದ್ದೆ ನನಗ ಸಿಗಂಗಿಲ್ಲ, ಗೌರಿ. ಮುಖ ನೋಡಿದ್ರ ಗೊತ್ತಾಗ್ತಿತ್ತು. ಆದ್ರ ಹೊರಗ ಬಂದಮ್ಯಾಗ ಆ ಮುದುಕ ಬಾಗಿಲತನಕ ಬಂದು, ಉಳಿದರ್ಧ ಹುಡುಕೋದಿದ್ರ ಆರು ತಿಂಗಳ ಮ್ಯಾಂಚೆಸ್ಟರ್‌ಗೆ ಬಾ, ಜಾಗ ಕೊಡಸ್ತೀನಿ ಅಂದ. ಕೂಡಿ ಆ ಪ್ರಬಂಧಕ್ಕ ತಿದ್ದುಪಡಿ ಬರಿಯೂಣು ಅಂತ." ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಖರೇ ಕರದ್ನೋ, ಬಾಯಿ ಮಾತಿಗೆ ಅಂದ್ನೋ, ನನಗ ಈ ಮಂದೀದು ತಿಳಿಯವಲ್ದು."

"ನಂಬರ್ ಕೊಟ್ಟಾನೇನು?"

"ಕೊಟ್ಟಾನ."

"ಹಂಗಾದ್ರ ಸೋಮವಾರ ಫೋನ್ ಹಚ್ಚಿ ಕೇಳ್ರಿ. ಹ್ಞೂಂ ಅಂದ್ರ ಹ್ಞೂಂ."

ಹಂಸಾ ರಸ್ತೆ ದಾಟುವ ಜಾಗದಲ್ಲಿ ನಿಂತು ಇವರಿಗಾಗಿ ಕಾಯುತ್ತಿದ್ದಳು. ಇಬ್ಬರೂ ಹೆಜ್ಜೆ ಬೇಗ ಹಾಕಿದರು.