ಮೊದಲು ಸಿಕ್ಕಿದ ಫೈಲು

೦.

ಎಲ್ಲಿಂದ ಶುರು ಮಾಡುವುದು, ನೀವೇ ಹೇಳಿ. ಒಲಿಂಡಾಬಾಯಿಯ ಎಡಗೈಯಿಂದ ಶುರು ಮಾಡಿದರೆ ಮೊದಲ ಸಾಲಿಗೇ ಅಯ್ಯೋ ಪಾಪ ಅನ್ನುತ್ತೀರಿ, ಆಮೇಲೆ ನಾನು ಏನು ಬರೆದರೂ ಕಣ್ಣೊರೆಸಿಕೊಂಡೇ ಓದುತ್ತೀರಿ. ಕಂಪ್ಯೂಟರಿನಿಂದ ಶುರು ಮಾಡಿದರೆ ಪುಟ ತಿರುಗಿಸುತ್ತೀರಿ. ಕಾಪುವಿನ ದೀಪಸ್ತಂಭ, ಸಮುದ್ರ, ಸೂರ್ಯಾಸ್ತ ಅಂತ ಶುರು ಮಾಡಿದರೆ ನನಗೇ ನಾಚಿಕೆಯಾಗುತ್ತದೆ. (ಮೂರು ಸಲ ಹಾಗೆ ಶುರು ಮಾಡಿ ಮೂರು ಸಲ ಅಳಿಸಿದ್ದೇನೆ. ಸೂರ್ಯನಿಗೂ ಬೇಸರ ಬಂದಿರಬೇಕು.)

ಆದ್ದರಿಂದ ನನ್ನಿಂದಲೇ ಶುರು. ಹೆಸರು ಸರ್ವೋತ್ತಮ, ವಯಸ್ಸು ಅರವತ್ತೊಂದು. ಮಣಿಪಾಲದ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಪ್ರೋಗ್ರಾಮಿಂಗ್ ಕಲಿಸಿ ನಿವೃತ್ತನಾದವನು. ಒಂದು ಕಥಾಸಂಕಲನ ಬಂದಿದೆ. ಅದರ ಬಹುಪಾಲು ಪ್ರತಿಗಳು ನನ್ನ ಮಂಚದ ಕೆಳಗೇ ಇವೆ. ಆದರೂ ಕಥೆಗಾರ ಅನ್ನಿಸಿಕೊಳ್ಳುವ ಚಪಲ ಹೋಗಿಲ್ಲ.

೧. (ಮೊದಲ ಕರಡು, ಕೈಬಿಟ್ಟದ್ದು)

"ಕಾರ್ಕಳದ ಡಯಾಲಿಸಿಸ್ ಕೇಂದ್ರದಲ್ಲಿ ಚೈತಾಲಿ ಎಂಬ ಹುಡುಗಿ ಒಂದು ತಪ್ಪು ಮಾಡಿದಳು."

ನಿಲ್ಲಿ. ಕಾರ್ಕಳ ಸುಳ್ಳು, ಕೇಂದ್ರ ಇರುವುದು ಕಾಪುವಿನ ಹತ್ತಿರ. ಚೈತಾಲಿಯೂ ಸುಳ್ಳು. ನಿಜವಾದ ಹುಡುಗಿ ಹೂಡೆಯ ಮುರ್ಶಿದಾ, ನನ್ನದೇ ಹಳೆಯ ವಿದ್ಯಾರ್ಥಿನಿ, ಆ ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವವಳು. ಗುರುತು ಸಿಗಬಾರದೆಂದು ಊರು, ಹೆಸರು, ಮನೆಮಾತು ಎಲ್ಲ ಬದಲಾಯಿಸಿದೆ. ಹುಡುಗಿಯ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡಿದ್ದೆ, ನನ್ನ ದೊಡ್ಡಸ್ತಿಕೆ ನೋಡಿ.

"ಒಂದು ತಪ್ಪು ಮಾಡಿದಳು" ಎಂಬ ಭಾಗವನ್ನು ಮಾತ್ರ ಬದಲಾಯಿಸಲಿಲ್ಲ. ಅದು ನಿಜ ಅಂತಲೇ ನಂಬಿದ್ದೆ.

೨.

ಆದದ್ದು ಇಷ್ಟು. ಡಯಾಲಿಸಿಸ್‌ಗೆ ಬಂದವರನ್ನು ಮೊದಲು ತೂಕಕ್ಕೆ ನಿಲ್ಲಿಸುತ್ತಾರೆ. ಮೈಯಲ್ಲಿ ಎಷ್ಟು ನೀರು ಹೆಚ್ಚಾಗಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತದೆ. ಟೆಕ್ನೀಶಿಯನ್ ಎಡ್ವಿನ್ ಅದನ್ನು ನೋಡಿ ಮೆಷಿನ್ ಹೊಂದಿಸುತ್ತಾನೆ. ನೀರನ್ನು ತೀರಾ ಬೇಗ ಎಳೆದರೆ ರಕ್ತದೊತ್ತಡ ಕುಸಿಯುತ್ತದೆ. ಈ ಲೆಕ್ಕದ ಮೊದಲ ಆವೃತ್ತಿಯನ್ನು ಎಂಟು ವರ್ಷದ ಹಿಂದೆ ಪುಕ್ಕಟೆ ಬರೆದುಕೊಟ್ಟದ್ದು ನಾನು. ಅದರಲ್ಲಿ ಇಷ್ಟಕ್ಕಿಂತ ಹೆಚ್ಚು ಎಳೆಯಬಾರದು ಎಂಬ ಮಿತಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಿಸ್ಟರ್ ಆನ್ಸಿಲ್ಲಾ ಇದ್ದರು. ಪರದೆ ಏನೇ ಹೇಳಲಿ, ಅವರು ರೋಗಿಯ ಮುಖ ನೋಡಿ ಅರ್ಧಕ್ಕೆ ಇಳಿಸುತ್ತಿದ್ದರು. ಕಳೆದ ವರ್ಷ ಅವರು ನಿವೃತ್ತರಾದ ಮೇಲೆ, ಆ ಮಿತಿಯನ್ನು ಲೆಕ್ಕದೊಳಗೇ ಸೇರಿಸು ಎಂದು ಕೇಂದ್ರ ನಡೆಸುವ ಟ್ರಸ್ಟಿನವರು ಮುರ್ಶಿದಾಗೆ ಹೇಳಿದರು. ಅವಳು ಹೊಸ ಆವೃತ್ತಿ ಬರೆದಳು.

ಜುಲೈಯಲ್ಲಿ ಶಂಕರಪುರದ ಒಲಿಂಡಾಬಾಯಿ, ತಂಗಿಯ ಮಗಳ ಮದುವೆ ಅಂತ ಒಂದು ಸರದಿ ತಪ್ಪಿಸಿ, ಮೈ ಊದಿಸಿಕೊಂಡು ಬಂದರು. ಪರದೆ ನಾಲ್ಕು ಲೀಟರ್ ಅಂದಿತು. ಎಡ್ವಿನ್ ನಾಲ್ಕು ಲೀಟರ್ ಇಟ್ಟ. ಮೂರನೇ ಗಂಟೆಗೆ ಅವರ ಕಣ್ಣುಗುಡ್ಡೆ ಮೇಲೆ ಹೋಯಿತು. ಜೀವ ಉಳಿಯಿತು. ಮೆದುಳಿಗೆ ರಕ್ತ ಸಾಲದೆ ಎಡಗೈಯ ಸ್ವಾಧೀನ ಹೋಯಿತು. ಮಲ್ಲಿಗೆ ಕಟ್ಟುವವರಿಗೆ ಎಡಗೈಯ ಎರಡು ಬೆರಳಲ್ಲಿ ಮೊಗ್ಗು ನಿಲ್ಲಬೇಕು, ಬಲಗೈ ಬಾಳೆನಾರು ಸುತ್ತಬೇಕು. ಏಳನೇ ವಯಸ್ಸಿನಿಂದ ಕಟ್ಟಿದ ಬೆರಳುಗಳಲ್ಲಿ ಈಗ ಒಂದು ಮೊಗ್ಗೂ ನಿಲ್ಲುವುದಿಲ್ಲ. ಅಂದಿನಿಂದ ಕೇಂದ್ರದಲ್ಲಿ ಯಾರೂ ಪರದೆಯನ್ನು ನಂಬುತ್ತಿಲ್ಲ, ಡಾಕ್ಟರೇ ಕೈಯಲ್ಲಿ ಲೆಕ್ಕ ಹಾಕುತ್ತಾರೆ.

ತಪ್ಪು ಯಾರದ್ದು ಅಂತ ಹುಡುಕಲು ಟ್ರಸ್ಟಿನವರು ಒಬ್ಬ ತಜ್ಞನನ್ನು ನೇಮಿಸಿದರು. ತಜ್ಞ ನಾನೇ. ಹೋಗಿ ಒಲಿಂಡಾಬಾಯಿಯ ಆ ದಿನದ ತೂಕವನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ, ಮತ್ತೆ ನಾಲ್ಕು ಲೀಟರ್ ಬಂತು. "ಹೊಸ ಆವೃತ್ತಿಯಲ್ಲಿ ಮಿತಿ ಇಲ್ಲ, ಹೊಣೆ ಬರೆದವರದ್ದು" ಎಂದು ವರದಿ ಬರೆದು ಸಹಿ ಹಾಕಿದೆ. ಸೋಮವಾರ ಹತ್ತು ಗಂಟೆಗೆ ಸಭೆ. ಮುರ್ಶಿದಾ ಕೆಲಸ ಬಿಡಬೇಕು, ಇನ್ನು ಮುಂದೆ ರೋಗಿಗಳಿಗೆ ಸಂಬಂಧಪಟ್ಟ ಯಾವ ಪ್ರೋಗ್ರಾಮನ್ನೂ ಬರೆಯುವುದಿಲ್ಲ ಎಂದು ಪತ್ರ ಕೊಡಬೇಕು. ಅವಳು ಒಪ್ಪಿದ್ದಾಳೆ.

ಅವಳ ಮೇಲೆ ಕನಿಕರ ಬಂದು ಈ ಕಥೆ ಬರೆಯಲು ಕೂತೆ.

೩.

ಈಗ ಸ್ವಲ್ಪ ಪಾಠ. ಹೆದರಬೇಡಿ, ಪರೀಕ್ಷೆ ಇಲ್ಲ.

ಕೇಂದ್ರದ ಪ್ರೋಗ್ರಾಮನ್ನು ಓಡಿಸುವುದು ಒಂದು ಇಂಟರ್‌ಪ್ರಿಟರ್. ಅದು ನಿಮ್ಮ ಹಾಗೆಯೇ ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಓದುತ್ತದೆ, ಓದಿದ ಹಾಗೆ ಮಾಡುತ್ತದೆ. ಬೇರೊಂದು ಭಾಷೆಯಲ್ಲಿ ಬರೆದು ಮೊದಲೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ತಿರುಗಿಸಿ ಇಟ್ಟ ಬಿಡಿ ತುಂಡು, ಮಾಡ್ಯೂಲ್, ಬೇಕಾದರೆ, ಓಡುತ್ತಿರುವಾಗಲೇ ಹೆಸರು ಹಿಡಿದು ಕರೆದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಲೋಡ್ ಮಾಡುವುದು ಅಂದರೆ ಅದೇ. ಒಳಗೆ ಬಂದ ಮೇಲೆ ಇಬ್ಬರ ನಡುವೆ ಗೋಡೆ ಇಲ್ಲ, ಮಾಡ್ಯೂಲ್ ಹೇಳಿದ್ದೇ ಲೆಕ್ಕ. ಕಂಪೈಲ್ ಆದದ್ದನ್ನು ತೆರೆದರೆ ಬರೀ ಗೀಚು ಕಾಣುತ್ತದೆ. ಒಳಗೆ ಏನಿದೆ ಎಂದು ತಿಳಿಯಲು ಬರೆದವನ ಮಾತನ್ನೇ ನಂಬಬೇಕು.

ನೀರಿನ ಲೆಕ್ಕ ಐದು ಸಾಲಿನದ್ದು. ಕಂಪೈಲ್ ಮಾಡುವ ಅಗತ್ಯವೇ ಇರಲಿಲ್ಲ. ನಾನು ಅದನ್ನು ಸಿ ಭಾಷೆಯಲ್ಲಿ ಬರೆದು, ಕಂಪೈಲ್ ಮಾಡಿ, 'ನೀರು' ಎಂದು ಹೆಸರಿಟ್ಟದ್ದು ಶುದ್ಧ ಜಂಭಕ್ಕೆ. ಪ್ರೋಗ್ರಾಂ ಆ ಹೆಸರನ್ನೇ ಕರೆಯುವುದರಿಂದ ಮುರ್ಶಿದಾಳ ಮಾಡ್ಯೂಲಿಗೂ 'ನೀರು' ಅಂತಲೇ ಹೆಸರು. (ಪಾಠ ಮುಗಿಯಿತು. ನಿದ್ದೆ ಬಂದವರನ್ನು ಪಕ್ಕದವರು ಎಬ್ಬಿಸಿ.)

೪. (ಎರಡನೇ ಕರಡು)

ಚೈತಾಲಿಗೆ ಸ್ವಲ್ಪ ಮಾತು ಕೊಡೋಣ ಅನ್ನಿಸಿತು. ವಿಚಾರಣೆಯ ಕೋಣೆಯಲ್ಲಿ ಕೂರಿಸಿ, ಎದುರಿಗೆ ನನ್ನಂಥದೇ ನರೆಗೂದಲಿನ ತಜ್ಞನೊಬ್ಬನನ್ನು ಕೂರಿಸಿದೆ. ಅವಳು ಅಳಬೇಕು ಎಂಬುದು ನನ್ನ ಯೋಜನೆ. ಅಳಲಿಲ್ಲ.

ನನ್ನ ಹೆಸರು ಯಾಕೆ ಬದಲಾಯಿಸಿದಿರಿ ಎಂದು ಕೇಳಿದಳು. ನಿನ್ನ ಒಳ್ಳೆಯದಕ್ಕೆ ಅಂದೆ. ಕಾರ್ಕಳಕ್ಕೆ ಯಾಕೆ ತಂದು ಹಾಕಿದಿರಿ, ಇಲ್ಲಿ ನನಗೆ ಯಾರ ಪರಿಚಯವೂ ಇಲ್ಲ ಅಂದಳು. ಕಥೆಯಲ್ಲಿ ಅದೆಲ್ಲ ಇದ್ದದ್ದೇ, ಸುಮ್ಮನೆ ಕೂತುಕೋ ಅಂದೆ. ವರದಿ ಮೂರು ಪುಟ ಬರೆದಿರಿ, ನಾನು ಬರೆದದ್ದನ್ನು ಒಮ್ಮೆಯೂ ತರಿಸಿ ಓದಲಿಲ್ಲವಲ್ಲ ಅಂದಳು. ಪಾತ್ರಗಳಿಗೆ ಇಷ್ಟು ಸಲಿಗೆ ಕೊಡಬಾರದು. ಅಳಿಸಿಬಿಡೋಣ ಎಂದು ಬೆರಳು ಇಟ್ಟೆ. ಅಷ್ಟರಲ್ಲಿ ಇನ್ನೊಂದು ಸಾಲು ಹೇಳಿಬಿಟ್ಟಳು.

"ಸರ್, ಯಾವ ಫೈಲು ಲೋಡ್ ಆದದ್ದು ಅಂತ ನೀವು ನೋಡಿದ್ದೀರಾ?"

ಆ ಸಾಲು ಬರೆದದ್ದು ನಾನೇ, ಸಂಭಾಷಣೆಗೆ ಸ್ವಲ್ಪ ಖಾರ ಇರಲಿ ಅಂತ. ಬರೆದು ಓದಿಕೊಂಡಾಗ ಹೊಳೆಯಿತು. ನಾನು ನೋಡಿರಲಿಲ್ಲ. ಮೊದಲು ಅದನ್ನು ನೋಡಿ, ಆಮೇಲೆ ಉಳಿದದ್ದು ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಯ್ದು ಕಲಿಸಿದ ಮನುಷ್ಯ ನಾನು.

೫. (ಇದು ಕರಡಲ್ಲ)

ಗುರುವಾರ ಬೆಳಿಗ್ಗೆ ಉಡುಪಿಗೆ ಬಂದು ಕಾಪುವಿನ ಬಸ್ಸು ಹಿಡಿದೆ. ಎಡ್ವಿನ್ ಕಂಪ್ಯೂಟರ್ ಹಾಕಿಕೊಟ್ಟ. ಒಂದೇ ಸಾಲು ಟೈಪ್ ಮಾಡಿದೆ, 'ನೀರು' ಎಂಬುದನ್ನು ಎಲ್ಲಿಂದ ತಂದೆ ಎಂದು ಇಂಟರ್‌ಪ್ರಿಟರನ್ನು ಕೇಳುವ ಸಾಲು. ಉತ್ತರ ಬಂತು. ಫೈಲಿನ ತಾರೀಕು ನೋಡಿದೆ. ಎಂಟು ವರ್ಷ ಹಿಂದಿನದ್ದು.

ನನ್ನದು.

ಒಂದೇ ಹೆಸರಿನ ಎರಡು ಫೈಲು ಇದ್ದರೆ ಇಂಟರ್‌ಪ್ರಿಟರ್ ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ, ಮುಂದೆ ಹುಡುಕುವುದಿಲ್ಲ. ಅದು ಮೊದಲು ನೋಡುವುದು ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ. ಮುರ್ಶಿದಾ ತನ್ನ ಮಾಡ್ಯೂಲನ್ನು ಎಲ್ಲಿಡಬೇಕೋ ಅಲ್ಲಿಯೇ ಇಟ್ಟಿದ್ದಳು, ನಾನು ತರಗತಿಯಲ್ಲಿ ಕಲಿಸಿದ ಜಾಗದಲ್ಲಿ. ನನ್ನದು ಆ ಮೊದಲ ಫೋಲ್ಡರಿನಲ್ಲಿ, ಬಾಗಿಲಲ್ಲೇ ಬಿದ್ದಿತ್ತು. ಅವಳದ್ದನ್ನು ಒಂದು ದಿನವೂ ಯಾರೂ ಕರೆದಿಲ್ಲ. ಅವಳ ಲ್ಯಾಪ್‌ಟಾಪಿನಲ್ಲಿ ನನ್ನ ಫೈಲು ಇಲ್ಲದ್ದರಿಂದ ಅಲ್ಲಿ ಟೆಸ್ಟ್ ಮಾಡಿದಾಗ ಎಲ್ಲ ಸರಿಯಾಗಿತ್ತು. ಕೇಂದ್ರದಲ್ಲಿ ಸಾಧಾರಣ ತೂಕದವರಿಗೆ ಎರಡರ ಉತ್ತರವೂ ಒಂದೇ. ಯಾರಿಗೆ ಗೊತ್ತಾಗಬೇಕು?

ನೆನಪಾಯಿತು. ಉದ್ಘಾಟನೆಯ ದಿನ ಅತಿಥಿಗಳು ಕುರ್ಚಿಯಲ್ಲಿ ಕೂತಾಗಿತ್ತು, ರಿಬ್ಬನ್ ಕಟ್ಟಿಯಾಗಿತ್ತು, ಪರದೆಯಲ್ಲಿ 'ನೀರು ಸಿಗಲಿಲ್ಲ' ಎಂದು ತೋರಿಸುತ್ತಿತ್ತು. ಬೆವರಿಹೋದೆ. ಸದ್ಯಕ್ಕೆ ಇಲ್ಲಿರಲಿ, ಆಮೇಲೆ ತೆಗೆದರಾಯಿತು ಎಂದು ಒಂದು ಪ್ರತಿಯನ್ನು ಪ್ರೋಗ್ರಾಂ ಇರುವ ಫೋಲ್ಡರಿಗೇ ಹಾಕಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ಗೋಳಿಬಜೆ ತಿಂದು ಮನೆಗೆ ಬಂದೆ.

ಮುರ್ಶಿದಾಳ ಮಾಡ್ಯೂಲನ್ನು ಅದಿರುವ ಜಾಗ ಹೇಳಿ ಲೋಡ್ ಮಾಡಿಸಿ, ಒಲಿಂಡಾಬಾಯಿಯ ತೂಕ ಹಾಕಿದೆ. ಎರಡೂವರೆ ಲೀಟರ್ ಬಂತು. ಕೆಳಗೆ ಕೆಂಪಕ್ಷರ: ಇದಕ್ಕಿಂತ ಹೆಚ್ಚು ಎಳೆಯಬೇಡಿ, ಡಾಕ್ಟರನ್ನು ಕರೆಯಿರಿ.

ಎಂತದಾದರೂ ಸಿಕ್ಕಿತಾ ಎಂದು ಎಡ್ವಿನ್ ಕೇಳಿದ. ವಿಶೇಷ ಏನಿಲ್ಲ ಅಂದೆ. ಹಾಗೆ ಅಂದದ್ದು ಕಥೆಯ ತಜ್ಞನಲ್ಲ, ನಾನು. ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತಲ್ಲ ಎಂದು ಬಸ್ಸಿನಲ್ಲಿ ಕೂತ ಮೇಲೂ ನನಗೆ ನಂಬಲಾಗಲಿಲ್ಲ.

೬. (ಅಂತ್ಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ)

ಅ. ತಜ್ಞ ಸಭೆಯಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಳ್ಳುತ್ತಾನೆ. ಶುಕ್ರವಾರ ಅವನಿಗೆ ಒಂದೂವರೆ ಪುಟದ ಭಾಷಣ ಬರೆದೆ. ಮುಗಿಯುವ ಹೊತ್ತಿಗೆ ಎಲ್ಲರೂ ತಜ್ಞನನ್ನೇ ಮೆಚ್ಚಿಕೊಂಡು ಕೂತಿದ್ದರು, ಚೈತಾಲಿಯ ಕಡೆ ಯಾರೂ ನೋಡುತ್ತಿರಲಿಲ್ಲ. ಅಳಿಸಿ ಹಾಕಿದೆ.

ಆ. ತಜ್ಞ ಹಳೆಯ ಫೈಲನ್ನು ಅಳಿಸುತ್ತಾನೆ. ಒಂದು ಗುಂಡಿ ಒತ್ತಿದರಾಯಿತು. ಮರುದಿನದಿಂದ ಚೈತಾಲಿಯದ್ದೇ ಲೋಡ್ ಆಗುತ್ತದೆ, ಎಲ್ಲ ಸರಿಯಾಗುತ್ತದೆ, ಅವಳು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾಳೆ. ಯಾರಿಗೂ ಏನೂ ತಿಳಿಯುವುದಿಲ್ಲ. (ಇದು ನಾಲ್ಕೇ ಸಾಲು. ಎಷ್ಟು ಚೆನ್ನಾಗಿ ಬಂದಿದೆ ಎಂದರೆ ನನಗೇ ಹೆದರಿಕೆಯಾಗುತ್ತದೆ.)

ಇ. ಒಲಿಂಡಾಬಾಯಿ ಕ್ಷಮಿಸುತ್ತಾರೆ. ಈ ಅಂತ್ಯಕ್ಕೆ ವಿವರ ಬೇಕಾಗಿತ್ತು, ಅದಕ್ಕೆ ಶನಿವಾರ ಶಂಕರಪುರಕ್ಕೇ ಹೋದೆ. ಪಕ್ಕದ ಮನೆಯ ಹೆಂಗಸು ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದಳು, ಇವರು ನೋಡುತ್ತ ಕೂತಿದ್ದರು. ನನಗೆ ಶರಬತ್ತು ತರಿಸಿಕೊಟ್ಟರು. ಮುರ್ಶಿದಾ ವಾರಕ್ಕೆ ಎರಡು ಸಲ ಬಂದು ಕೈಗೆ ಎಣ್ಣೆ ತಿಕ್ಕಿ ಹೋಗುತ್ತಾಳಂತೆ. "ಪಾಪ, ಆ ಹುಡುಗಿಯ ಮುಖ ನೋಡಿದರೆ ನನಗೇ ಅಳು ಬರ್ತದೆ," ಅಂದರು. ಅವರ ಹೆಬ್ಬೆರಳು ಸೀರೆಯ ಮೇಲೆ ಹೇಗೆ ಬಿದ್ದುಕೊಂಡಿತ್ತು ಅಂತ ನಾನು ಪುಸ್ತಕದಲ್ಲಿ ಗುರುತು ಮಾಡಿಕೊಂಡೆ. ಹೌದು, ಗುರುತು ಮಾಡಿಕೊಂಡೆ. ಹೇಳಬೇಕಾದ್ದನ್ನು ಹೇಳದೆ ಶರಬತ್ತು ಕುಡಿದು ಬಂದೆ.

ಈ. ಇವತ್ತು ಭಾನುವಾರ, ಸಂಜೆ ನಾಲ್ಕು. ನಾಲ್ಕನೆಯ ಅಂತ್ಯಕ್ಕೆ ಕೂತಿದ್ದೇನೆ. ತಜ್ಞ ಕಿಟಕಿಯ ಬಳಿ ನಿಂತು

೭.

ಫೋನ್ ಬಂತು. ಮುರ್ಶಿದಾ. ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇಟ್ಟಿದ್ದೇನೆ.

ನಾಳೆ ಕೊಡುವ ಪತ್ರ ಬರೆದಿದ್ದಾಳಂತೆ. ಸರ್ ಕಥೆ ಬರೆಯುವವರು, ಕನ್ನಡ ಸರಿ ಉಂಟಾ ನೋಡಿ ಎಂದು ಓದಿ ಹೇಳಿದಳು. ಕನ್ನಡ ಸರಿ ಇತ್ತು. ಹಾಗೆಂದೆ.

"ಮಿತಿ ಹಾಕಿದ್ದು ನನಗೆ ನೆನಪುಂಟು ಸರ್. ಬರೆದದ್ದು, ಟೆಸ್ಟ್ ಮಾಡಿದ್ದು, ಎಲ್ಲ. ಆದರೆ ನೀವೇ ನೋಡಿ ಇಲ್ಲ ಅಂದ ಮೇಲೆ ನನ್ನ ತಲೆಯಲ್ಲಿಯೇ ಎಂತದೋ ತೊಂದರೆ ಇರಬೇಕು. ಡಾಕ್ಟರಿಗೆ ತೋರಿಸುವಾ ಅಂತ ಉಮ್ಮ ಹೇಳ್ತಿದ್ದಾರೆ."

ಮೂರು ಅಂತ್ಯ ಬರೆದೆನಲ್ಲ, ಒಂದರಲ್ಲೂ ಇದು ಇರಲಿಲ್ಲ. ಕೆಲಸ ಹೋಗುತ್ತದೆ ಎಂದು ಮಾತ್ರ ಬರೆದಿದ್ದೆ. ಹುಡುಗಿ ತನ್ನ ತಲೆಯನ್ನೇ ನಂಬದ ಹಾಗೆ ಮಾಡಿಟ್ಟಿದ್ದೇನೆ.

"ಮುರ್ಶಿದಾ, ನಿನ್ನದರಲ್ಲಿ ತಪ್ಪಿಲ್ಲ. ಲೋಡ್ ಆದದ್ದು ನನ್ನ ಹಳೆಯ ಫೈಲು. ನಾನೇ ಅಲ್ಲಿ ಬಿಟ್ಟುಹೋದದ್ದು."



"ನಿಮಗೆ ಯಾವಾಗ ಗೊತ್ತಾಯಿತು ಸರ್?"

"ಗುರುವಾರ."

"ಇವತ್ತು ಭಾನುವಾರ."

"ಹೌದು."

"ಮೂರು ದಿನ ನೀವು ಎಂತ ಮಾಡಿದಿರಿ?"

ಮೈ ಹುಷಾರಿರಲಿಲ್ಲ ಅನ್ನಬಹುದಿತ್ತು. ಇನ್ನೊಮ್ಮೆ ಪರೀಕ್ಷಿಸುತ್ತಿದ್ದೆ ಅನ್ನಬಹುದಿತ್ತು.

"ಕಥೆ ಬರೆಯುತ್ತಿದ್ದೆ," ಅಂದೆ.

ಅವಳು ಫೋನ್ ಇಟ್ಟಿಲ್ಲ. ಉಸಿರು ಕೇಳಿಸುತ್ತಿದೆ. ಓದುಗರೇ, ಈಗ ಅವಳು ಬಯ್ಯಬೇಕೋ, ಅಳಬೇಕೋ, ಕ್ಷಮಿಸಬೇಕೋ ಎಂದು ನೀವು ಕಾಯುತ್ತಿದ್ದೀರಿ. ನಾನು ಬರೆಯುವುದಿಲ್ಲ. ಬರೆದರೆ ಅದು ಚೈತಾಲಿ ಹೇಳಿದ್ದಾಗುತ್ತದೆ. ಇವಳ ಮಾತು ಇವಳೇ ಆಡಲಿ. ನಾಳೆ ಹತ್ತು ಗಂಟೆಗೆ ನಾನು ಕಾಪುವಿನಲ್ಲಿರುತ್ತೇನೋ ಇಲ್ಲವೋ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ, ಬರೆದುಬಿಟ್ಟರೆ ಹೋಗಿ ಬಂದಷ್ಟೇ ಸಮಾಧಾನವಾಗಿಬಿಡುತ್ತದೆ, ನನ್ನ ಬುದ್ಧಿ ನನಗೆ ಗೊತ್ತು. ಈಗ ಅವಳು ಏನೋ ಹೇಳುತ್ತಿದ್ದಾಳೆ.

"ಸರ್, ಅಲ್ಲಿ ಅದು ಎಂತ ಶಬ್ದ? ನೀವು ಟೈಪ್ ಮಾಡ್ತಾ ಇದ್ದೀರಾ?"